ದಾರಿಯಿಲ್ಲದ ಗುಡ್ಡ

ಬೆಟ್ಟ ಹತ್ತುವುದೆಂದೊಡನೆ ನಮ್ಮಲ್ಲಿ ಅನೇಕರಿಗೆ ಮುಳ್ಳಯ್ಯನಗಿರಿಯ ನೆನಪಾಗುತ್ತದೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಅದಕ್ಕೆ ರಸ್ತೆಯುಂಟು, ಮೆಟ್ಟಿಲುಗಳುಂಟು, ತುದಿಯಲ್ಲಿ ಗುಡಿಯುಂಟು. ದಾರಿ ತಪ್ಪುವ ಭಯವಿಲ್ಲ. ನಾನು ಬರೆಯಹೊರಟಿರುವುದು ಅಂಥ ಹೆಸರಾಂತ ಗಿರಿಯ ವಿಚಾರವನ್ನಲ್ಲ. ಮಲೆನಾಡಿನಲ್ಲಿ ಊರೂರಿಗೂ ಒಂದು ಸಣ್ಣ ಗುಡ್ಡವಿರುತ್ತದೆ. ಬುಡದಲ್ಲಿ ಯಾರದೋ ಕಾಫಿ ತೋಟ, ನೆತ್ತಿಯ ಮೇಲೆ ಕಾಡು, ನಡುವೆ ದಾರಿಯೆಂಬುದೇ ಇಲ್ಲ. ಅಂಥ ಗುಡ್ಡವನ್ನು ಯಾರಿಗೂ ತೊಂದರೆಯಾಗದಂತೆ ಹತ್ತಿ, ಹೊತ್ತು ಮುಳುಗುವುದರೊಳಗೆ ಇಳಿದು ಬರುವುದು ಹೇಗೆಂಬುದನ್ನು ನನಗೆ ತಿಳಿದ ಮಟ್ಟಿಗೆ ಮಿತ್ರರ ಮುಂದಿಡುವುದೇ ಈ ಲೇಖನದ ಉದ್ದೇಶ. ಇದರ ಮೊದಲ ಪಾಠವನ್ನು ನಾನು ಕಲಿತದ್ದು ತಪ್ಪು ಮಾಡಿ. ಆದ್ದರಿಂದ ಆ ತಪ್ಪಿನಿಂದಲೇ ಆರಂಭಿಸುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ತೋಟದ ಲೈನ್ ಮನೆಯಲ್ಲಿ. ಅವ್ವ ಇಪ್ಪತ್ತೈದು ವರ್ಷಗಳಿಂದ ಆ ತೋಟದಲ್ಲಿ ಕೆಲಸ ಮಾಡುತ್ತಿದ್ದಾಳೆ. ನಮ್ಮ ಮನೆಯಿಂದ ಕಾಲೇಜಿಗೆ ಬಂದವನು ನಾನೇ ಮೊದಲಿಗ. ಬಾಗಿಲು ತೆರೆದರೆ ಎದುರಿಗೆ ತೋಟ, ತೋಟದಾಚೆ ಗುಡ್ಡ. ಎರಡನೆಯ ವರ್ಷದ ಡಿಸೆಂಬರ್ ರಜೆಯಲ್ಲಿ ಇಬ್ಬರು ಸಹಪಾಠಿಗಳು ಬಂದಿದ್ದರು. ಅವರ ಮುಂದೆ ಹಿರಿಮೆ ಮೆರೆಯುವ ಹುಮ್ಮಸ್ಸಿನಲ್ಲಿ ನಾನು ಯಾರನ್ನೂ ಕೇಳದೆ ತೋಟದೊಳಗಿಂದಲೇ ಅವರನ್ನು ಕರೆದೊಯ್ದೆ. ಬೇಲಿಯ ಉಣುಗೋಲುಗಳನ್ನು ಸರಿಸಿದವರು ಮತ್ತೆ ಹಾಕಲಿಲ್ಲ. ಕಾಡಿನಲ್ಲಿ ದಿಕ್ಕು ತಪ್ಪಿ, ತುದಿಯನ್ನೂ ಕಾಣದೆ, ಮುಚ್ಚಂಜೆಯಲ್ಲಿ ಇನ್ನೊಂದು ಊರಿಗೆ ಇಳಿದೆವು. ಅಷ್ಟರಲ್ಲಿ ದನಗಳು ಒಳನುಗ್ಗಿ, ಕಣದಲ್ಲಿ ಒಣಹಾಕಿದ್ದ ಕಾಫಿಯನ್ನು ತುಳಿದು ಸೆಗಣಿ ಹಾಕಿದ್ದವು. ಮರುದಿನ ಹಾಜರಿಯ ಹೊತ್ತಿನಲ್ಲಿ ರೈಟರು ಎಲ್ಲರೆದುರಿಗೆ ಅವ್ವನನ್ನು, “ಮಗನನ್ನ ಓದಿಸಿದ್ದು ಇದಕ್ಕೇನಮ್ಮ?” ಎಂದು ಕೇಳಿದರು. ಅವಳು ಮಾತಾಡಲಿಲ್ಲ. ಕತ್ತಲಾಗುವವರೆಗೆ ಕಣದಲ್ಲಿ ಕುಳಿತು ಹೊಲಸಾದ ಕಾಯನ್ನು ಆರಿಸಿದಳು. ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅಂದಿದ್ದರೆ ಹಗುರವಾಗುತ್ತಿತ್ತು.

ಆದುದರಿಂದ ಮೊದಲ ಪ್ರಶ್ನೆ ‘ಗುಡ್ಡ ಎಷ್ಟು ಎತ್ತರ?’ ಎಂಬುದಲ್ಲ, ‘ನೆಲ ಯಾರದು?’ ಎಂಬುದು. ಭಾರತೀಯ ಸರ್ವೇಕ್ಷಣ ಇಲಾಖೆಯ ಭೂಪಟದಲ್ಲಿ ಬೆಟ್ಟ, ಹಳ್ಳ, ಕಾಡುಗಳು ಕಾಣುತ್ತವೆಯೇ ಹೊರತು ಖಾಸಗಿ ಜಮೀನಿನ ಗಡಿ ಕಾಣುವುದಿಲ್ಲ. ಅದಕ್ಕೆ ಸರ್ವೆ ನಂಬರುಗಳಿರುವ ಗ್ರಾಮನಕ್ಷೆಯನ್ನೂ ಪಹಣಿಯನ್ನೂ ನೋಡಬೇಕು. ಮೇಲಿನ ಕಾಡು ಮೀಸಲು ಅರಣ್ಯವಾಗಿದ್ದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಅಭಯಾರಣ್ಯವಾಗಿದ್ದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅನ್ವಯಿಸುತ್ತದೆ. ನಮ್ಮ ಗುಡ್ಡದ ನೆತ್ತಿ ಇವೆರಡೂ ಅಲ್ಲದ ಸರ್ಕಾರಿ ಜಾಗವೆಂದು ವಿಚಾರಿಸಿ ತಿಳಿದುಕೊಂಡೆ. ಆದರೆ ಅಲ್ಲಿಗೆ ತಲುಪಲು ತೋಟವನ್ನು ದಾಟಲೇಬೇಕಾಗಿತ್ತು.

ದಾಟುವ ಹಕ್ಕು ಯಾರಿಗಾದರೂ ಉಂಟೆ? 1882ರ ಈಸ್‌ಮೆಂಟ್ ಕಾಯಿದೆಯ ಪ್ರಕಾರ, ಪರರ ಜಮೀನಿನಲ್ಲಿ 20 ವರ್ಷಗಳ ಕಾಲ ಬಹಿರಂಗವಾಗಿ, ತಡೆಯಿಲ್ಲದೆ, ತನ್ನ ಹಕ್ಕೆಂದು ನಡೆದಾಡಿದವನಿಗೆ ದಾರಿಯ ಹಕ್ಕು ದೊರೆಯಬಹುದು. ಆದರೆ ಮಾಲೀಕನ ಅಪ್ಪಣೆಯಿಂದ ನಡೆದದ್ದು ಎಷ್ಟು ವರ್ಷವಾದರೂ ಹಕ್ಕಾಗದು. ಇದನ್ನು ಓದಿದಾಗ ನನಗೆ ಅವ್ವನ ಇಪ್ಪತ್ತೈದು ವರ್ಷಗಳು ನೆನಪಾದುವು. ಆ ತೋಟದ ಒಂದೊಂದು ಗಿಡವನ್ನೂ ಬಲ್ಲ ಅವಳು ಅಲ್ಲಿ ಇಟ್ಟ ಹೆಜ್ಜೆಗಳೆಲ್ಲವೂ ಅಪ್ಪಣೆಯ ಹೆಜ್ಜೆಗಳೇ.

ಬೇರೆ ದೇಶಗಳಲ್ಲಿ ಈ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಬಗೆಹರಿಸಿಕೊಂಡಿರುವುದುಂಟು. ನಾರ್ವೆಯ 1957ರ ಕಾಯಿದೆಯಂತೆ ಸಾಗುವಳಿಯಿಲ್ಲದ ನೆಲದಲ್ಲಿ ಯಾರು ಬೇಕಾದರೂ ಕಾಲ್ನಡಿಗೆಯಲ್ಲಿ ಹೋಗಬಹುದು. ಇಂಗ್ಲೆಂಡಿನ ಕಿಂಡರ್ ಸ್ಕೌಟ್ ಎಂಬ ಬೆಟ್ಟವನ್ನು 1932ರ ಏಪ್ರಿಲ್ 24ರಂದು ನೂರಾರು ಮಂದಿ ಅಪ್ಪಣೆಯಿಲ್ಲದೆ ಹತ್ತಿದರು. ಅವರಲ್ಲಿ ಹಲವರು ಕಾರ್ಖಾನೆ ಊರುಗಳ ತರುಣ ಕಾರ್ಮಿಕರು. ಕೆಲವರು ಸೆರೆಮನೆ ಕಂಡರು. ಅಲ್ಲಿ ಬಯಲುಬೆಟ್ಟಗಳಲ್ಲಿ ನಡೆದಾಡುವ ಹಕ್ಕಿಗೆ ಕಾಯಿದೆ ಬಂದದ್ದು 2000ದಲ್ಲಿ. ಆದರೆ ಈ ಉದಾರ ಕಾಯಿದೆಗಳೂ ಬೆಳೆಯಿರುವ ನೆಲವನ್ನು ತುಳಿಯಲು ಬಿಡುವುದಿಲ್ಲವೆಂಬುದನ್ನು ಗಮನಿಸಬೇಕು. ಕೊಯ್ಲಿನ ಕಾಲದಲ್ಲಿ ತೋಟದೊಳಗೆ ನುಗ್ಗಿದ ನನಗೆ ಯಾವ ದೇಶದ ಕಾಯಿದೆಯೂ ಆಸರೆಯಾಗುತ್ತಿರಲಿಲ್ಲ.

ಈ ವರ್ಷದ ಜನವರಿಯಲ್ಲಿ ಒಂದು ಸಂಜೆ ಧೈರ್ಯ ಮಾಡಿ ತೋಟದ ಮಾಲೀಕರ ಮನೆಗೆ ಹೋದೆ. “ಆವತ್ತು ಉಣುಗೋಲು ತೆಗೆದಿಟ್ಟು ಹೋದವನು ನಾನೇ ಗೌಡ್ರೇ, ತಪ್ಪಾಯ್ತು,” ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೇಲೇನಿದೆ ಅಂತ ಹೋಗ್ತೀಯೋ? ಬರೀ ಮರ,” ಎಂದರು. ಆಮೇಲೆ ತಾವೇ ಹೇಳಿದರು: ಗಿಡಗಳ ನಡುವೆ ಹೋಗಕೂಡದು, ಮೂಡಲ ಕಡೆಯ ಅಗಳಿನ ಅಂಚಿನಲ್ಲೇ ಹೋಗಬೇಕು, ಒಬ್ಬನೇ ಹೋಗಕೂಡದು, ಆನೆಯ ಸುಳಿವಿದೆಯೇ ಎಂದು ರೈಟರನ್ನು ಕೇಳಿಯೇ ಹೊರಡಬೇಕು, ಮೂರು ಗಂಟೆಯೊಳಗೆ ಇಳಿದು ಬಂದು ತಿಳಿಸಬೇಕು.

ಇನ್ನು ಹತ್ತುವ ವಿಚಾರ. 1:50,000 ಪ್ರಮಾಣದ ಭೂಪಟದಲ್ಲಿ ಎರಡು ಸೆಂಟಿಮೀಟರ್ ಎಂದರೆ ಒಂದು ಕಿಲೋಮೀಟರ್. ಕಂದು ಬಣ್ಣದ ಸಮೋನ್ನತಿ ರೇಖೆಗಳ ನಡುವಣ ಎತ್ತರದ ಅಂತರ 20 ಮೀಟರ್. ರೇಖೆಗಳು ಒತ್ತಾಗಿದ್ದರೆ ಕಡಿದು, ದೂರದೂರವಿದ್ದರೆ ಇಳುಕಲು. ನಮ್ಮ ಲೈನಿನಿಂದ ತುದಿಗೆ ಮೂರು ಸೆಂಟಿಮೀಟರ್, ನಡುವೆ ಹನ್ನೊಂದು ರೇಖೆಗಳು. ಎಂದರೆ ಒಂದೂವರೆ ಕಿಲೋಮೀಟರ್ ದೂರ, ಸುಮಾರು 220 ಮೀಟರ್ ಏರು. ಸ್ಕಾಟ್ಲೆಂಡಿನ ನೈಸ್ಮಿತ್ ಎಂಬಾತ 1892ರಲ್ಲಿ ಹೇಳಿದ ಲೆಕ್ಕವೊಂದುಂಟು: ಸುಮಾರು ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಮತ್ತೊಂದು ಗಂಟೆ. ಆ ಪ್ರಕಾರ ನಮಗೆ ನಲವತ್ತು ನಿಮಿಷ ಸಾಕು. ನಮಗೆ ಹಿಡಿದದ್ದು ಎರಡೂವರೆ ಗಂಟೆ! ದಾರಿಯಿಲ್ಲದ ಕಾಡಿನಲ್ಲಿ ಪೊದೆ ಸುತ್ತುವುದಕ್ಕೂ ದಿಕ್ಕು ನೋಡುವುದಕ್ಕೂ ಹಿಡಿಯುವ ಹೊತ್ತು ಆ ಲೆಕ್ಕದಲ್ಲಿಲ್ಲ.

ಹತ್ತುವಾಗ ಹಳ್ಳವನ್ನು ಬಿಟ್ಟು ಏಣನ್ನು, ಎಂದರೆ ಗುಡ್ಡದ ಬೆನ್ನನ್ನು, ಹಿಡಿಯಬೇಕು. ಹಳ್ಳದಲ್ಲಿ ಬೆತ್ತದ ಮುಳ್ಳು, ಜಾರುಬಂಡೆ. ಏಣಿನ ಮೇಲೆ ಪೊದೆ ಕಡಿಮೆ. ಏಣುಗಳೆಲ್ಲ ಮೇಲೇರಿದಂತೆ ಒಂದುಗೂಡಿ ತುದಿಯನ್ನು ಸೇರುತ್ತವೆ. ಆದರೆ ಇಳಿಯುವಾಗ ಅವೇ ಕವಲೊಡೆಯುತ್ತವೆ. ಒಂದು ಕವಲು ತಪ್ಪಿದರೆ ಬೇರೊಂದು ಕಣಿವೆಗೆ ಬೀಳುತ್ತೇವೆ. ಮೊದಲ ಸಲ ನಮಗಾದದ್ದೂ ಇದೇ. ಆದುದರಿಂದ ಹತ್ತುವಾಗಲೇ ಕವಲು ಕವಲಿನಲ್ಲೂ ಹಿಂತಿರುಗಿ ನೋಡಿ, ಇಳಿಯುವಾಗ ಅದು ಹೇಗೆ ಕಂಡೀತೆಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ‘ನೇರ ನಡೆದರೆ ಸೇರಿಯೇ ಸೇರುತ್ತೇವೆ’ ಎಂಬ ನಂಬಿಕೆ ಬೇಡ. 2009ರಲ್ಲಿ ಪ್ರಕಟವಾದ ವಿಜ್ಞಾನಿಗಳ ಪ್ರಯೋಗವೊಂದರಲ್ಲಿ, ಮೋಡ ಕವಿದ ದಿನ ಕಾಡಿನಲ್ಲಿ ನೇರವಾಗಿ ನಡೆಯಹೊರಟವರು ತಮಗರಿವಿಲ್ಲದೆ ಸುತ್ತುಹಾಕಿ ತಮ್ಮ ಜಾಡನ್ನೇ ದಾಟಿದ್ದರು. ದಿಕ್ಸೂಚಿ ಕೈಯಲ್ಲಿರಬೇಕು, ಮೊಬೈಲೂ ಇರಲಿ, ಅದೊಂದನ್ನೇ ನಂಬಬಾರದು.

ಮಳೆಗಾಲದಲ್ಲಿ ಉಂಬಳದ ಕಾಟವಾದರೆ ಒಣಗಾಲದಲ್ಲಿ ಉಣ್ಣಿಯ ಕಾಟ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣ್ಣಿಗಳಿಂದಲೇ ಹರಡುತ್ತದೆ. ಕೈಕಾಲು ಪೂರ್ತಿ ಮುಚ್ಚುವ ಬಟ್ಟೆ ತೊಡಬೇಕು. ಬಂದೊಡನೆ ಬಿಸಿನೀರಿನಲ್ಲಿ ಮಿಂದು, ತೊಟ್ಟ ಬಟ್ಟೆಯನ್ನೂ ಬಿಸಿನೀರಿಗೆ ಹಾಕಬೇಕು. ಸತ್ತ ಮಂಗ ಕಂಡರೆ ಹತ್ತಿರ ಸುಳಿಯದೆ ಹಿಂತಿರುಗಿ, ಆರೋಗ್ಯ ಇಲಾಖೆಗೆ ತಿಳಿಸಬೇಕು.

ಮರಗಳಿಂದ ಮುಚ್ಚಿದ ತುದಿಯನ್ನು ತಲುಪಿದೆವೆಂದು ತಿಳಿಯುವುದು ಹೇಗೆ? ಅಲ್ಲಿ ನೋಟವಿಲ್ಲ, ಬಾವುಟವಿಲ್ಲ. ನಾಲ್ಕು ದಿಕ್ಕಿಗೂ ಇಪ್ಪತ್ತಿಪ್ಪತ್ತು ಹೆಜ್ಜೆ ನಡೆದು ನೋಡಿದೆವು; ನಾಲ್ಕು ಕಡೆಗೂ ನೆಲ ಇಳಿಯಿತು. ಅದೇ ತುದಿ. ಗೌಡರು ಹೇಳಿದಂತೆ ಬರೀ ಮರ. ತಂದಿದ್ದ ಬುತ್ತಿಯನ್ನು ಅಲ್ಲೇ ಉಂಡು, ಕಾಗದವನ್ನೂ ಬಿಡದೆ ಚೀಲಕ್ಕೆ ಹಾಕಿಕೊಂಡು ಇಳಿದೆವು. ಉಣುಗೋಲುಗಳನ್ನು ನಾನೇ ಒಂದೊಂದಾಗಿ ಹಾಕಿದೆ. ಎರಡೂ ಮುಕ್ಕಾಲಿಗೆ ರೈಟರಿಗೆ ತಿಳಿಸಿದಾಗ ಅವರು ಗಡಿಯಾರ ನೋಡಿ ತಲೆಯಾಡಿಸಿದರು.

ಆ ರಾತ್ರಿ ಅವ್ವ, “ಮೇಲಿಂದ ನಮ್ಮ ಲೈನು ಕಾಣ್ತದಾ?” ಎಂದು ಕೇಳಿದಳು. ಇಲ್ಲವೆಂದೆ. ಇಷ್ಟು ವರ್ಷ ಆ ಗುಡ್ಡದ ಬುಡದಲ್ಲಿದ್ದೂ ಅವಳು ಒಮ್ಮೆಯೂ ಅದನ್ನು ಹತ್ತಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಪರೀಕ್ಷೆ ಮುಗಿಸಿ ಬಾ, ನಾನೂ ಬರ್ತೀನಿ. ಗೌಡ್ರನ್ನ ನಾನೇ ಕೇಳ್ತೀನಿ,” ಎಂದಳು. ಆ ಭಾನುವಾರ ನಮ್ಮೊಡನೆ ಬರಲು ಇಚ್ಛೆಯುಳ್ಳ ಮಿತ್ರರಿಗೆ ಸ್ವಾಗತ. ಉಣುಗೋಲು ಹಾಕುವ ಕೆಲಸ ಮಾತ್ರ ನನ್ನದು.