ಸೈಕಲ್ ಕಡ್ಡಿಯ ಖರೀದಿ: ಬೆಲೆ ಬೇರೆ, ವೆಚ್ಚ ಬೇರೆ

ಕೆಲವೇ ರೂಪಾಯಿ ಬೆಲೆಯ ಸೈಕಲ್ ಕಡ್ಡಿಯನ್ನು ಕುರಿತು ವಾಣಿಜ್ಯ ಪತ್ರಿಕೆಯಲ್ಲಿ ಲೇಖನ ಬರೆಯುವುದೆಂದರೆ ಅಕ್ಷರಶಃ ಕಡ್ಡಿಯನ್ನು ಗುಡ್ಡ ಮಾಡಿದಂತೆ ಎಂದು ಕೆಲವು ಸದಸ್ಯ ಬಾಂಧವರಿಗೆ ಎನಿಸಬಹುದು. ಆದರೆ ಖರೀದಿ ಶಾಸ್ತ್ರದ ಬಹುತೇಕ ಪಾಠಗಳನ್ನು ಇಷ್ಟು ಚಿಕ್ಕ ವಸ್ತುವಿನಲ್ಲಿ ಇಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ವಿರಳ. ಮನೆಯಲ್ಲಿಯೇ ಚಕ್ರ ಕಟ್ಟಿಕೊಳ್ಳುವ ಹವ್ಯಾಸಿಗಳು ಮತ್ತು ದುರಸ್ತಿ ಅಂಗಡಿಯ ಕುಶಲಕರ್ಮಿಗಳು ಎದುರಿಸುವ ಪ್ರಶ್ನೆ ಒಂದೇ: ಕಡ್ಡಿಯನ್ನು ಅಗ್ಗವಾಗಿ ಕೊಳ್ಳುವುದು ಹೇಗೆ? ಈ ಪ್ರಶ್ನೆಗೆ ಸರಿಯಾದ ಉತ್ತರ ದೊರೆಯದಿದ್ದಾಗ ಹಬ್ ಮತ್ತು ರಿಮ್ ಎರಡೂ ಸುಸ್ಥಿತಿಯಲ್ಲಿದ್ದರೂ ಇಡೀ ಚಕ್ರ ಗುಜರಿಗೆ ಹೋಗುತ್ತದೆ. ಇನ್ನೊಂದೆಡೆ ವರ್ತಕರ ಕಪಾಟಿನಲ್ಲಿ ಯಾರಿಗೂ ಹೊಂದದ ಅಳತೆಯ ಕಡ್ಡಿಗಳು ವರ್ಷಗಟ್ಟಲೆ ಬಂಡವಾಳವನ್ನು ಹಿಡಿದಿಟ್ಟುಕೊಂಡು ಕೂತಿರುತ್ತವೆ. ಇವೆರಡೂ ಒಂದೇ ದೋಷದ ಎರಡು ಮುಖಗಳು.

ಸರಕಿನ ಸ್ವರೂಪ

ಕಡ್ಡಿಗಳನ್ನು ಹಬ್‌ನಿಂದ ಓರೆಯಾಗಿ ಹೊರಡಿಸಿ ಒಂದನ್ನೊಂದು ದಾಟುವಂತೆ ಹೆಣೆಯುವ ವಿಧಾನಕ್ಕೆ ಇಂಗ್ಲೆಂಡಿನ ಕಾವೆಂಟ್ರಿಯ ಜೇಮ್ಸ್ ಸ್ಟಾರ್ಲಿ 1874ರಲ್ಲಿ ಪೇಟೆಂಟ್ ಪಡೆದರು. ಇಂದಿಗೂ ಬಹುತೇಕ ಸೈಕಲ್‌ಗಳ ಚಕ್ರ ಅದೇ ತತ್ತ್ವದ ಮೇಲೆ ನಿಂತಿದೆ. ನಮ್ಮ ದೇಶದಲ್ಲಿ ಸೈಕಲ್ ಮತ್ತು ಅದರ ಬಿಡಿಭಾಗಗಳ ಉತ್ಪಾದನೆಗೆ ಪಂಜಾಬಿನ ಲೂಧಿಯಾನ ಪ್ರಧಾನ ಕೇಂದ್ರ. ನಮ್ಮ ರಾಜ್ಯದ ಅಂಗಡಿಗಳಲ್ಲಿ ದೊರೆಯುವ ಕಡ್ಡಿಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಬರುತ್ತವೆ. ದುಬಾರಿ ಸೈಕಲ್‌ಗಳಿಗೆ ಬೆಲ್ಜಿಯಂನ ಸ್ಯಾಪಿಮ್ ಮತ್ತು ಸ್ವಿಟ್ಜರ್ಲೆಂಡಿನ ಡಿಟಿ ಸ್ವಿಸ್ ಕಂಪನಿಗಳ ಕಡ್ಡಿಗಳನ್ನು ಬಳಸುವವರೂ ಇದ್ದಾರೆ.

ಕಡ್ಡಿಯನ್ನು ನಿರ್ಧರಿಸುವ ಅಂಶಗಳು ಮೂರು: ದಪ್ಪ, ಲೋಹ ಮತ್ತು ಉದ್ದ. 14 ಗೇಜ್ ಎಂದರೆ 2.0 ಮಿ.ಮೀ. ದಪ್ಪ. 13 ಗೇಜ್ ಎಂದರೆ 2.3 ಮಿ.ಮೀ. ಲೋಹದಲ್ಲಿ ಸತುವಿನ ಲೇಪವಿರುವ ಸಾಮಾನ್ಯ ಉಕ್ಕು ಅಗ್ಗ, ಸ್ಟೇನ್‌ಲೆಸ್ ಉಕ್ಕು ತುಟ್ಟಿ. ಇವೆರಡರ ವಿಷಯದಲ್ಲಿ ಗ್ರಾಹಕ ಚೌಕಾಸಿ ಮಾಡಬಹುದು, ಮನಸ್ಸು ಬದಲಿಸಬಹುದು. ಆದರೆ ಉದ್ದದ ವಿಷಯದಲ್ಲಿ ರಾಜಿಗೆ ಅವಕಾಶವಿಲ್ಲ. ಎರಡು ಮಿಲಿಮೀಟರಿಗಿಂತ ಹೆಚ್ಚು ಗಿಡ್ಡವಾದರೆ ನಿಪ್ಪಲ್ ಸಾಕಷ್ಟು ಥ್ರೆಡ್ ಹಿಡಿಯದೆ ಭಾರಕ್ಕೆ ಕಿತ್ತು ಬರಬಹುದು. ಅಷ್ಟೇ ಉದ್ದವಾದರೆ ಥ್ರೆಡ್ ಮುಗಿದು ಬಿಗಿ ಬರುವುದಿಲ್ಲ, ಇಲ್ಲವೇ ಕಡ್ಡಿಯ ತುದಿ ನಿಪ್ಪಲ್‌ನಿಂದ ಹೊರಬಂದು ಟ್ಯೂಬನ್ನು ಚುಚ್ಚುತ್ತದೆ. ಆದ್ದರಿಂದ ತಪ್ಪು ಅಳತೆಯ ಕಡ್ಡಿಯನ್ನು ಎಷ್ಟೇ ಕಡಿಮೆ ಬೆಲೆಗೆ ಕೊಂಡರೂ ಅದು ನಷ್ಟವೇ ಹೊರತು ಉಳಿತಾಯವಲ್ಲ.

ಮೊದಲು ಅಳತೆ, ನಂತರ ಬೆಲೆ

ಅಳತೆಗೆ ದುಬಾರಿ ಉಪಕರಣಗಳು ಬೇಕಿಲ್ಲ. ಎರಡು ಹಳೆಯ ಕಡ್ಡಿಗಳ ತಲೆಯನ್ನು ಕತ್ತರಿಸಿ, ಥ್ರೆಡ್ ಇರುವ ತುದಿಯಿಂದ ಸರಿಯಾಗಿ 200 ಮಿ.ಮೀ. ಉಳಿಸಿಕೊಳ್ಳಬೇಕು. ಅವುಗಳನ್ನು ರಿಮ್ಮಿನ ಎದುರುಬದುರು ರಂಧ್ರಗಳಲ್ಲಿ ನಿಪ್ಪಲ್ ಸಮೇತ ಕೂರಿಸಿ, ಕಡ್ಡಿಯ ತುದಿ ನಿಪ್ಪಲ್‌ನ ಸೀಳಿನ ತಳಕ್ಕೆ ಸಮವಾಗುವಂತೆ ತಿರುಗಿಸಿ, ಬಿಗಿಯಾಗಿ ಎಳೆದು ಹಿಡಿದು ನಡುವಿನ ಅಂತರವನ್ನು ಅಳೆಯಬೇಕು. ಆ ಅಂತರಕ್ಕೆ 400 ಕೂಡಿಸಿದರೆ ರಿಮ್ಮಿನ ಪರಿಣಾಮಕಾರಿ ವ್ಯಾಸ ದೊರೆಯುತ್ತದೆ. ಹಬ್‌ನಲ್ಲಿ ಎರಡು ಅಳತೆಗಳು ಬೇಕು: ಒಂದೇ ಬಿಲ್ಲೆಯ ಎದುರುಬದುರು ರಂಧ್ರಗಳ ನಡುವಿನ ವ್ಯಾಸ, ಮತ್ತು ಹಬ್‌ನ ಮಧ್ಯರೇಖೆಯಿಂದ ಬಿಲ್ಲೆಗೆ ಇರುವ ದೂರ.

36 ರಂಧ್ರಗಳ ಚಕ್ರದಲ್ಲಿ ಪ್ರತಿ ಕಡ್ಡಿಯೂ ಮೂರು ಕಡ್ಡಿಗಳನ್ನು ದಾಟುವಂತೆ ಹೆಣೆಯುವ ಪದ್ಧತಿಯಲ್ಲಿ ಲೆಕ್ಕ ಸರಳ. ರಿಮ್ಮಿನ ತ್ರಿಜ್ಯದ ವರ್ಗ, ಹಬ್ ಬಿಲ್ಲೆಯ ತ್ರಿಜ್ಯದ ವರ್ಗ ಮತ್ತು ಮಧ್ಯರೇಖೆಯ ದೂರದ ವರ್ಗ, ಈ ಮೂರನ್ನು ಕೂಡಿಸಬೇಕು. ಅದರಿಂದ ಎರಡು ತ್ರಿಜ್ಯಗಳ ಗುಣಲಬ್ಧವನ್ನು ಕಳೆದು ವರ್ಗಮೂಲ ತೆಗೆಯಬೇಕು. ಕೊನೆಗೆ ಹಬ್ ರಂಧ್ರದ ಅರ್ಧ ಅಗಲವನ್ನು, ಅಂದರೆ ಸುಮಾರು 1.3 ಮಿ.ಮೀ., ಕಳೆಯಬೇಕು. ರಿಮ್ಮಿನ ವ್ಯಾಸ 600, ಹಬ್ ಬಿಲ್ಲೆಯ ವ್ಯಾಸ 45, ಮಧ್ಯರೇಖೆಯ ದೂರ 35 ಮಿ.ಮೀ. ಇದ್ದರೆ ಉತ್ತರ 290.2 ಮಿ.ಮೀ. ಗೇರ್ ಇರುವ ಹಿಂಚಕ್ರದ ಬಲಬದಿಯಲ್ಲಿ ಮಧ್ಯರೇಖೆಯ ದೂರ 20 ಎಂದಿಟ್ಟುಕೊಂಡರೆ ಉತ್ತರ 288.8 ಮಿ.ಮೀ. ನಿಪ್ಪಲ್ ಒಂದು ಮಿಲಿಮೀಟರಿನ ಆಸುಪಾಸಿನ ವ್ಯತ್ಯಾಸವನ್ನು ಸಹಿಸಿಕೊಳ್ಳುವುದರಿಂದ ಈ ನಿದರ್ಶನದಲ್ಲಿ 289 ಮಿ.ಮೀ. ಎಂಬ ಒಂದೇ ಅಳತೆ ಎರಡೂ ಚಕ್ರಗಳಿಗೆ ಸಾಕಾಗುತ್ತದೆ. ಎರಡು ಅಳತೆಗಳ ಬದಲು ಒಂದೇ ಅಳತೆಯನ್ನು ಕೊಳ್ಳುವಂತಾದರೆ ಖರೀದಿದಾರನ ಚೌಕಾಸಿಯ ಬಲ ಹೆಚ್ಚುತ್ತದೆ. ರಿಮ್ ಮತ್ತು ಹಬ್ ಆಯ್ಕೆ ಮಾಡುವಾಗಲೇ ಈ ಲೆಕ್ಕ ಹಾಕಿಕೊಳ್ಳುವುದು ಜಾಣತನ.

ಬಿಡಿಯೋ, ಸಗಟೋ?

ಹಳೆಯ ಮಾದರಿಯ ಗಟ್ಟಿ ಸೈಕಲ್‌ನ ಮುಂಚಕ್ರಕ್ಕೆ 32, ಹಿಂಚಕ್ರಕ್ಕೆ 40 ಕಡ್ಡಿಗಳು. ಒಟ್ಟು 72. ಎರಡೂ ಚಕ್ರಗಳಿಗೆ 36ರಂತೆ ಇರುವ ಸೈಕಲ್‌ಗೂ ಒಟ್ಟು 72. ಸಗಟು ವ್ಯಾಪಾರದ ಒಂದು ಗ್ರೋಸ್, ಅಂದರೆ 144 ಕಡ್ಡಿಗಳು, ಎರಡು ಸೈಕಲ್‌ಗಳ ಸರಕು. ಮನೆಯಲ್ಲಿ ಒಂದೇ ಜೋಡಿ ಚಕ್ರ ಕಟ್ಟುವವನು ಗ್ರೋಸ್ ಕೊಂಡರೆ ಅರ್ಧ ಸರಕು ಉಳಿಯುತ್ತದೆ. ಇದರ ಪರಿಣಾಮವೇನು ಎಂಬುದನ್ನು ಒಂದು ನಿದರ್ಶನದಿಂದ ನೋಡೋಣ. ಇಲ್ಲಿನ ಬೆಲೆಗಳು ಲೆಕ್ಕದ ಅನುಕೂಲಕ್ಕಾಗಿ ಮಾತ್ರ.

ತೆರಿಗೆ ಮತ್ತು ನಿಪ್ಪಲ್ ಸೇರಿ ಬಿಡಿ ಕಡ್ಡಿಯ ಬೆಲೆ 12 ರೂ. ಎಂದಿಟ್ಟುಕೊಳ್ಳೋಣ. 72 ಕಡ್ಡಿಗಳಿಗೆ 864 ರೂ. ಸಗಟಿನಲ್ಲಿ ಕಡ್ಡಿಗೆ 8 ರೂ.ನಂತೆ ಗ್ರೋಸ್‌ಗೆ 1,152 ರೂ., ಸಾಗಾಟ ವೆಚ್ಚ 150 ರೂ., ಒಟ್ಟು 1,302 ರೂ. ಎಲ್ಲ 144 ಕಡ್ಡಿಗಳೂ ಬಳಕೆಯಾದರೆ ಒಂದರ ವೆಚ್ಚ 9.04 ರೂ. ಅರ್ಧ ಮಾತ್ರ ಬಳಕೆಯಾದರೆ ಅದೇ ಕಡ್ಡಿಯ ವೆಚ್ಚ 18.08 ರೂ. ಎಂಟು ರೂಪಾಯಿಯ ಕಡ್ಡಿ ಹನ್ನೆರಡು ರೂಪಾಯಿಯ ಕಡ್ಡಿಗಿಂತ ದುಬಾರಿಯಾಗುವುದು ಹೀಗೆ. ಕನಿಷ್ಠ 109 ಕಡ್ಡಿಗಳು ಬಳಕೆಯಾಗುವ ಖಚಿತತೆ ಇದ್ದರೆ ಮಾತ್ರ ಈ ಸಗಟು ಖರೀದಿ ಲಾಭದಾಯಕ. ಇಲ್ಲದಿದ್ದರೆ ಪರಿಚಿತ ಅಂಗಡಿಯಲ್ಲಿ ಬಿಡಿಯಾಗಿ, ಒಡೆದರೆ ಬದಲಿಸಲೆಂದು ನಾಲ್ಕು ಹೆಚ್ಚುವರಿ ಕಡ್ಡಿಗಳೊಂದಿಗೆ, ಕೊಳ್ಳುವುದೇ ಮಿತವ್ಯಯದ ಮಾರ್ಗ.

ಒಂದೇ ಬಗೆಯ ರಿಮ್ ಮತ್ತು ಹಬ್ ಬಳಸುವ ಇಬ್ಬರು ಕೂಡಿ ಕೊಂಡರೆ ಈ ತೊಡಕು ತಾನಾಗಿಯೇ ನಿವಾರಣೆಯಾಗುತ್ತದೆ. 2.0 ಮಿ.ಮೀ. ದಪ್ಪದ, 290 ಮಿ.ಮೀ. ಉದ್ದದ ಕಡ್ಡಿಯ ತೂಕ ಸುಮಾರು 7 ಗ್ರಾಂ. ನಿಪ್ಪಲ್ ಹೊರತುಪಡಿಸಿ ಒಂದು ಗ್ರೋಸ್‌ನ ತೂಕ ಹೆಚ್ಚುಕಡಿಮೆ ಒಂದು ಕಿಲೋ. ಇಷ್ಟು ಚಿಕ್ಕ ಪೊಟ್ಟಣಕ್ಕೆ ಸಾಗಾಟದ ಕನಿಷ್ಠ ದರವೇ ಅನ್ವಯಿಸುವುದರಿಂದ ಒಬ್ಬರು ತರಿಸಿದರೂ ಇಬ್ಬರು ತರಿಸಿದರೂ ಆ ವೆಚ್ಚದಲ್ಲಿ ದೊಡ್ಡ ವ್ಯತ್ಯಾಸವಾಗದು. ವಿದೇಶದಿಂದ ತರಿಸುವಾಗಲಂತೂ ಕೊರಿಯರ್ ವೆಚ್ಚ, ಆಮದು ಸುಂಕ ಮತ್ತು ಸಮಗ್ರ ಜಿಎಸ್‌ಟಿಗಳನ್ನು ಕೂಡಿಸಿಯೇ ಕಡ್ಡಿಯ ಬೆಲೆಯನ್ನು ಹೋಲಿಸಬೇಕು.

ತೆರಿಗೆಯ ಪಾತ್ರ

2025ರ ಸೆಪ್ಟೆಂಬರ್ 22ರಿಂದ ಸೈಕಲ್ ಹಾಗೂ ಅದರ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಸಾವಿರ ರೂಪಾಯಿಯ ಸರಕಿನ ಮೇಲೆ ಇದು 70 ರೂ.ಗಳ ವ್ಯತ್ಯಾಸ. ಮನೆ ಬಳಕೆಯ ಗ್ರಾಹಕನಿಗೆ ತೆರಿಗೆ ಪೂರ್ಣವಾಗಿ ವೆಚ್ಚವೇ ಆದ್ದರಿಂದ ಆತ ತೆರಿಗೆ ಸೇರಿದ ಬೆಲೆಯನ್ನೇ ಕೇಳಬೇಕು. ಸಾಮಾನ್ಯ ನೋಂದಣಿ ಹೊಂದಿದ ವರ್ತಕರು ಹೊರರಾಜ್ಯದಿಂದ ನೇರವಾಗಿ ತರಿಸಿದರೂ ಅಲ್ಲಿ ಕೊಟ್ಟ ತೆರಿಗೆಯ ಹುಟ್ಟುವಳಿ ಜಮೆ ಪಡೆಯಬಹುದು. 2017ರ ಜುಲೈಗೆ ಮುಂಚೆ ಕೇಂದ್ರ ಮಾರಾಟ ತೆರಿಗೆಗೆ ಈ ಸೌಲಭ್ಯವಿರಲಿಲ್ಲ. ಆದರೆ ರಾಜಿ ತೆರಿಗೆ ಪದ್ಧತಿಯಲ್ಲಿರುವ ಸಣ್ಣ ಅಂಗಡಿಗಳಿಗೆ ಈ ಜಮೆ ದೊರೆಯುವುದಿಲ್ಲ. ಅವರು ಸಗಟುದಾರರ ದರಪಟ್ಟಿಗಳನ್ನು ಹೋಲಿಸುವಾಗ ಗೃಹ ಗ್ರಾಹಕನಂತೆಯೇ ತೆರಿಗೆ ಸೇರಿಸಿ ಹೋಲಿಸಬೇಕು.

ಗುಣಮಟ್ಟವೂ ವೆಚ್ಚದ ಭಾಗ

ಕಡ್ಡಿ ಒಡೆಯುವುದು ಸಾಮಾನ್ಯವಾಗಿ ಹಬ್ ಬಳಿಯ ಬಾಗಿನಲ್ಲಿ. ಅದಕ್ಕೆ ಕಾರಣ ಒಮ್ಮೆಗೇ ಬೀಳುವ ಭಾರಕ್ಕಿಂತ ಹೆಚ್ಚಾಗಿ ಲೋಹದ ದಣಿವು. ಚಕ್ರ ಉರುಳುವಾಗ ಕೆಳಗೆ ಬಂದ ಕಡ್ಡಿಯ ಬಿಗಿ ಪ್ರತಿ ಸುತ್ತಿನಲ್ಲೂ ಸಡಿಲಗೊಂಡು ಮತ್ತೆ ಏರುತ್ತದೆ. ಎಂಜಿನಿಯರ್ ಜಾಬ್ಸ್ಟ್ ಬ್ರಾಂಟ್ 1981ರಲ್ಲಿ ಪ್ರಕಟಿಸಿದ ‘ದಿ ಬೈಸಿಕಲ್ ವೀಲ್’ ಗ್ರಂಥದಲ್ಲಿ ಇದನ್ನು ವಿಶದವಾಗಿ ನಿರೂಪಿಸಿದ್ದಾರೆ. ಆದ್ದರಿಂದ ಸಮನಾದ ಬಿಗಿಯಿಂದ ಕಟ್ಟಿದ ಸಾಧಾರಣ ಕಡ್ಡಿ, ಅಂದಾಜಿನಲ್ಲಿ ಕಟ್ಟಿದ ದುಬಾರಿ ಕಡ್ಡಿಗಿಂತ ಹೆಚ್ಚು ಬಾಳುವ ಸಂಭವವಿದೆ. ಮನೆಯಲ್ಲಿ ನಿಧಾನವಾಗಿ ಚಕ್ರ ಕಟ್ಟುವವನಿಗೆ ಇದೇ ದೊಡ್ಡ ಅನುಕೂಲ. ಆತನ ಸಮಯಕ್ಕೆ ಮಜೂರಿ ಇಲ್ಲ.

ಲೋಹದ ಆಯ್ಕೆ ಊರನ್ನು ಅವಲಂಬಿಸಿದೆ. ಮಂಗಳೂರು, ಉಡುಪಿ, ಕಾರವಾರದಂತಹ ಉಪ್ಪುಗಾಳಿಯ ಊರುಗಳಲ್ಲಿ ಲೇಪದ ಉಕ್ಕು ಬೇಗ ತುಕ್ಕು ಹಿಡಿದು ನಿಪ್ಪಲ್ ಕಚ್ಚಿಕೊಳ್ಳುತ್ತದೆ. ಅಲ್ಲಿ ಸ್ಟೇನ್‌ಲೆಸ್‌ಗೆ ಕೊಟ್ಟ ಹೆಚ್ಚುವರಿ ಹಣ ವ್ಯರ್ಥವಲ್ಲ. ಒಣಹವೆಯ ಬಯಲುಸೀಮೆಯಲ್ಲಿ ನಿತ್ಯದ ಬಳಕೆಗೆ ಲೇಪದ ಕಡ್ಡಿ ಧಾರಾಳವಾಗಿ ಸಾಕು. ಅಯಸ್ಕಾಂತಕ್ಕೆ ಅಂಟಿದರೆ ಸ್ಟೇನ್‌ಲೆಸ್ ಅಲ್ಲ ಎಂಬ ಅಂಗಡಿ ಪರೀಕ್ಷೆಯನ್ನು ಮಾತ್ರ ನೆಚ್ಚಬಾರದು. ತಂಪಿನಲ್ಲಿಯೇ ಎಳೆದು ತಂತಿ ಮಾಡಿದ 304 ದರ್ಜೆಯ ಉಕ್ಕು ಸ್ವಲ್ಪಮಟ್ಟಿಗೆ ಅಯಸ್ಕಾಂತಕ್ಕೆ ಸ್ಪಂದಿಸುತ್ತದೆ. ಬಿಲ್ಲಿನಲ್ಲಿ ದರ್ಜೆಯನ್ನು ನಮೂದಿಸುವಂತೆ ಕೇಳುವುದೇ ಸುರಕ್ಷಿತ.

ಮಲಗಿದ ದಾಸ್ತಾನಿಗೆ ಮರುಜೀವ

ವರ್ಷಾಂತ್ಯದಲ್ಲಿ ದಾಸ್ತಾನಿನ ಪಟ್ಟಿ ತಯಾರಿಸುವಾಗ ಬಿಡಿಭಾಗಗಳ ಅಂಗಡಿಗಳಲ್ಲಿ ಕಾಣುವ ಸಾಮಾನ್ಯ ದೃಶ್ಯವೆಂದರೆ, ಹೊರಹೋಗದ ಅಳತೆಯ ಸರಕನ್ನು ಪ್ರತಿವರ್ಷವೂ ಕೊಂಡ ಬೆಲೆಗೇ ತೋರಿಸುವುದು. ಕೊಂಡ ಬೆಲೆ ಅಥವಾ ಮಾರಿದರೆ ಕೈಗೆ ಬರುವ ನಿವ್ವಳ ಮೊತ್ತ, ಇವೆರಡರಲ್ಲಿ ಕಡಿಮೆಯಾದುದನ್ನೇ ತೆಗೆದುಕೊಳ್ಳಬೇಕೆಂಬುದು ಲೆಕ್ಕಪತ್ರ ಮಾನದಂಡ 2ರ ತತ್ತ್ವ. ಈ ತತ್ತ್ವವನ್ನು ಪಾಲಿಸಿದ ವರ್ತಕನಿಗೆ ಹಳೆಯ ಕಡ್ಡಿಗಳ ನಿಜವಾದ ಬೆಲೆ ತಿಳಿಯುತ್ತದೆ. ರಿಯಾಯಿತಿ ಕೊಟ್ಟು ಮಾರಲು ಆತ ಹಿಂಜರಿಯುವುದಿಲ್ಲ.

ಮನೆಯಲ್ಲಿ ಚಕ್ರ ಕಟ್ಟುವವನಿಗೆ ಅಗ್ಗದ ಕಡ್ಡಿ ದೊರೆಯುವ ನಿಜವಾದ ಸ್ಥಳ ಇದೇ. ಹೆಣಿಗೆಯ ಕ್ರಮ ಬದಲಾದರೆ ಬೇಕಾದ ಉದ್ದವೂ ಬದಲಾಗುತ್ತದೆ. ಮೇಲಿನ ನಿದರ್ಶನದ ಮುಂಚಕ್ರವನ್ನೇ ಮೂರರ ಬದಲು ಎರಡು ಕಡ್ಡಿಗಳನ್ನು ದಾಟುವಂತೆ ಹೆಣೆದರೆ 284 ಮಿ.ಮೀ., ನಾಲ್ಕನ್ನು ದಾಟುವಂತೆ ಹೆಣೆದರೆ ಸುಮಾರು 298 ಮಿ.ಮೀ. ಕಡ್ಡಿ ಬೇಕಾಗುತ್ತದೆ. ಒಂದೇ ರಿಮ್ ಮತ್ತು ಹಬ್‌ಗೆ ಮೂರು ಅಳತೆಗಳು ಹೊಂದುತ್ತವೆ ಎಂದಾಯಿತು. ಅಂಗಡಿಯ ಮೂಲೆಯಲ್ಲಿ 284ರ ಪೊಟ್ಟಣ ಮಲಗಿದ್ದರೆ ಅದಕ್ಕೆ ಗಿರಾಕಿ ಇದ್ದಾನೆ. ಆತನಿಗೆ ವಿಷಯ ತಿಳಿಯಬೇಕಷ್ಟೆ.

ಇನ್ನೊಂದು ಉಳಿತಾಯದ ಮಾರ್ಗ ಹಳೆಯ ಕಡ್ಡಿಗಳ ಮರುಬಳಕೆ. ರಿಮ್ ಮಾತ್ರ ಹಾಳಾಗಿ, ಅದೇ ಪರಿಣಾಮಕಾರಿ ವ್ಯಾಸದ ಹೊಸ ರಿಮ್ ದೊರೆತರೆ, ಹೊಸದನ್ನು ಹಳೆಯದರ ಪಕ್ಕಕ್ಕೆ ಕಟ್ಟಿ ಕಡ್ಡಿಗಳನ್ನು ಒಂದೊಂದಾಗಿ ವರ್ಗಾಯಿಸಬಹುದು. ನಿಪ್ಪಲ್‌ಗಳನ್ನು ಮಾತ್ರ ಹೊಸದು ಹಾಕುವುದು ಒಳ್ಳೆಯದು. ಆದರೆ ಈಗಾಗಲೇ ಎರಡು ಮೂರು ಕಡ್ಡಿಗಳು ಬಾಗಿನಲ್ಲಿ ಒಡೆದಿರುವ ಚಕ್ರದಲ್ಲಿ ಉಳಿದವೂ ದಣಿದಿರುತ್ತವೆ. ಅಲ್ಲಿ ಮರುಬಳಕೆ ಸಲ್ಲದು. ಉದ್ದದ ಕಡ್ಡಿಯನ್ನು ಕತ್ತರಿಸಿ ಸಾಮಾನ್ಯ ಡೈನಿಂದ ಥ್ರೆಡ್ ಕೊರೆಯುವುದೂ ಸಲ್ಲದು. ಕಾರ್ಖಾನೆಯಲ್ಲಿ ಥ್ರೆಡ್ಡನ್ನು ಒತ್ತಿ ಉಬ್ಬಿಸಲಾಗುತ್ತದೆ. ಕೊರೆದ ಥ್ರೆಡ್ ತೆಳುವಾಗಿ ನಿಪ್ಪಲ್‌ನಲ್ಲಿ ಸಡಿಲವಾಗುತ್ತದೆ.

ವರ್ತಕರಿಗೆ ಸೂಚನೆಗಳು

ಈ ಹಿನ್ನೆಲೆಯಲ್ಲಿ ಸದಸ್ಯ ವರ್ತಕರು ಪರಿಶೀಲಿಸಬಹುದಾದ ಕ್ರಮಗಳು ಮೂರು. ಮೊದಲನೆಯದಾಗಿ, ಕಡ್ಡಿಗಳ ದಾಸ್ತಾನನ್ನು ‘ದೊಡ್ಡದು, ಚಿಕ್ಕದು’ ಎಂದಲ್ಲದೆ ಮಿಲಿಮೀಟರ್ ಲೆಕ್ಕದಲ್ಲಿ ಬರೆದಿಟ್ಟು, ಪಟ್ಟಿಯನ್ನು ಅಂಗಡಿಯ ಮುಂದೆ ತೂಗುಹಾಕುವುದು. ಎರಡನೆಯದಾಗಿ, ಗ್ರೋಸ್ ಒಡೆದು ಬಿಡಿಯಾಗಿ ಮಾರಲು ಹಿಂಜರಿಯದಿರುವುದು. ಬಿಡಿ ಮಾರಾಟದಲ್ಲಿ ಲಾಭಾಂಶ ಹೆಚ್ಚು, ಗ್ರಾಹಕನಿಗೂ ಒಟ್ಟು ವೆಚ್ಚ ಕಡಿಮೆ. ಮೂರನೆಯದಾಗಿ, ಒಂದೇ ಊರಿನ ನಾಲ್ಕಾರು ಅಂಗಡಿಗಳು ತಮ್ಮೊಳಗೆ ಅಳತೆಗಳನ್ನು ಹಂಚಿಕೊಂಡು, ಒಬ್ಬರಲ್ಲಿ ಇಲ್ಲದ್ದನ್ನು ಇನ್ನೊಬ್ಬರಿಂದ ತರಿಸಿಕೊಡುವ ಏರ್ಪಾಡು ಮಾಡಿಕೊಳ್ಳುವುದು. ಎಲ್ಲರೂ ಎಲ್ಲ ಅಳತೆಗಳನ್ನೂ ಇಟ್ಟುಕೊಳ್ಳುವ ಅಗತ್ಯ ಆಗ ಇರುವುದಿಲ್ಲ.

ಕಡ್ಡಿ ಸಿಗದೆ ಚಕ್ರ ಗುಜರಿಗೆ ಹೋದರೆ ಗ್ರಾಹಕನಿಗೆ ರಿಮ್ ಮತ್ತು ಹಬ್‌ನ ನಷ್ಟ, ಕುಶಲಕರ್ಮಿಗೆ ಮಜೂರಿಯ ನಷ್ಟ, ವರ್ತಕನಿಗೆ ಮಾರಾಟದ ನಷ್ಟ. ಸಿದ್ಧಚಕ್ರಗಳ ಪೈಪೋಟಿಯ ನಡುವೆ ಕೈಯಿಂದ ಚಕ್ರ ಕಟ್ಟುವ ಕಸುಬು ಉಳಿಯಬೇಕಾದರೆ ಸರಿಯಾದ ಉದ್ದದ ಕಡ್ಡಿ, ಬೇಕಾದಷ್ಟೇ ಸಂಖ್ಯೆಯಲ್ಲಿ, ಹತ್ತಿರದ ಅಂಗಡಿಯಲ್ಲಿ ದೊರೆಯುವಂತಾಗಬೇಕು. ಅದಕ್ಕೆ ಹೊಸ ಬಂಡವಾಳ ಬೇಕಿಲ್ಲ. ಈಗಿರುವ ದಾಸ್ತಾನನ್ನೇ ಅಳೆದು ಬರೆದಿಡುವ ಶಿಸ್ತು ಸಾಕು. ಬರುವ ಮಾರ್ಚ್ 31ರ ದಾಸ್ತಾನು ಎಣಿಕೆಯಿಂದಲೇ ಈ ಕಾರ್ಯವನ್ನು ಆರಂಭಿಸಬಹುದು.