ಕಾವಿನ ಕೋಳಿಯೂ ಮನೆಯವರ ತಾಳ್ಮೆಯೂ

ಹಳ್ಳಿಯ ಮನೆಗಳಲ್ಲಿ ಕೋಳಿಯೆಂಬುದು ಬಹುಮಟ್ಟಿಗೆ ಗೃಹಿಣಿಯ ಸ್ವಂತ ಸೊತ್ತು. ಹೊಲದ ಹುಟ್ಟುವಳಿ ಯಜಮಾನನ ಕೈಸೇರಿದರೂ, ಮೊಟ್ಟೆಯನ್ನೋ ಹುಂಜವನ್ನೋ ಮಾರಿ ಬಂದ ದುಡ್ಡು ಅವಳ ಸೆರಗಿನ ಗಂಟಿನಲ್ಲಿಯೇ ಉಳಿಯುವುದು. ಮಕ್ಕಳ ಪುಸ್ತಕ, ನೆಂಟರ ಸತ್ಕಾರ, ಸಣ್ಣ ಕಾಯಿಲೆಯ ಮದ್ದು ಇವೆಲ್ಲಕ್ಕೂ ಆ ಗಂಟೇ ಆಧಾರ. ಹೀಗಿರುವಲ್ಲಿ, ಕಾವಿಗಿಟ್ಟ ಮೊಟ್ಟೆಗಳಲ್ಲಿ ಎಷ್ಟು ಮರಿಯಾದುವು, ಆ ಮರಿಗಳಲ್ಲಿ ಎಷ್ಟು ಬದುಕಿ ಬೆಳೆದುವು ಎಂಬುದು ಅಲಕ್ಷ್ಯಮಾಡತಕ್ಕ ವಿಷಯವಲ್ಲ. ಹಲವು ವರ್ಷ ಹಿತ್ತಿಲಿನಲ್ಲಿ ನಾಟಿಕೋಳಿಗಳನ್ನು ಸಾಕಿ ನಾವು ಕಲಿತುದನ್ನೂ, ಕಲಿಯುವ ಮೊದಲು ಕೆಡಿಸಿದುದನ್ನೂ ವಾಚಕರ ಮುಂದಿಡುವೆವು.

ನಾಟಿ ಹೇಂಟೆಯು ಒಂದು ಸರದಿ ಮೊಟ್ಟೆಯಿಟ್ಟ ಮೇಲೆ ಗೂಡನ್ನು ಬಿಟ್ಟೇಳಲು ಒಪ್ಪದು. ಗರಿ ಕೆದರಿಕೊಂಡು, ಕೈಯಿಟ್ಟರೆ ಕುಕ್ಕಿ, ಗಂಟಲಿನಲ್ಲಿಯೇ ಒಂದು ಬಗೆಯ ದನಿಗೈಯುವುದು. ಅದರ ಹೊಟ್ಟೆಯ ಗರಿಗಳು ಉದುರಿ, ಬರಿಯ ಚರ್ಮವು ನೇರವಾಗಿ ಮೊಟ್ಟೆಗೆ ತಾಗುವಂತಾಗುವುದು. ಪ್ರೊಲ್ಯಾಕ್ಟಿನ್ ಎಂಬ ಚೋದಕವು ರಕ್ತದಲ್ಲಿ ಹೆಚ್ಚುವುದೇ ಈ ಬದಲಾವಣೆಗೆ ಮುಖ್ಯ ಕಾರಣವೆಂದು ಶಾಸ್ತ್ರಜ್ಞರು ತಿಳಿಸುವರು. ಬಿಳಿ ಲೆಗ್‌ಹಾರ್ನ್ ಮೊದಲಾದ ಮೊಟ್ಟೆಯ ತಳಿಗಳಲ್ಲಿ ಈ ಗುಣವನ್ನು ತಲೆತಲಾಂತರದ ಆಯ್ಕೆಯಿಂದ ಬಹುತೇಕ ಅಳಿಸಿಬಿಟ್ಟಿರುವರು. ಅವುಗಳ ಮೊಟ್ಟೆಗೆ ಯಂತ್ರದ ಕಾವೇ ಗತಿ. ನಮ್ಮ ನಾಟಿಕೋಳಿಯಾದರೋ ವರ್ಷಕ್ಕೆ ಕಡಮೆ ಮೊಟ್ಟೆಯಿಟ್ಟರೂ, ವಿದ್ಯುತ್ತಿನ ಹಂಗಿಲ್ಲದೆ ತಾನೇ ಯಂತ್ರವಾಗಿಯೂ ದಾದಿಯಾಗಿಯೂ ನಡೆದುಕೊಳ್ಳುವುದು.

ಕಾವಿಗೆ ಕೂರಿಸುವ ಕೋಳಿ ಶಾಂತಸ್ವಭಾವದ್ದೂ ಆರೋಗ್ಯವುಳ್ಳದ್ದೂ ಆಗಿರತಕ್ಕದ್ದು. ಗರಿಗಳ ಬುಡವನ್ನು ಬಿಡಿಸಿ ನೋಡಿ, ಹೇನು ಇದ್ದರೆ ಮೊದಲೇ ಅದಕ್ಕೆ ಉಪಾಯಮಾಡಬೇಕು. ಹೇನಿನ ಕಾಟ ತಾಳಲಾರದೆ ನಡುವೆಯೇ ಗೂಡುಬಿಟ್ಟೆದ್ದ ಕೋಳಿಗಳನ್ನು ನಾವು ಕಂಡಿರುವೆವು. ಅಗಲವಾದ ಬುಟ್ಟಿಯಲ್ಲಿ ಒಣಹುಲ್ಲನ್ನು ಹಾಸಿ, ನಡುವೆ ತುಸು ತಗ್ಗುಮಾಡಿ, ಮಂದ ಬೆಳಕಿನ ಮೂಲೆಯಲ್ಲಿ ಇಡುವುದು ಲೇಸು. ಕೋಳಿ ತುಳಿದು ಮರಿ ಸತ್ತೀತೆ ಎಂದು ಗಾದೆಯೇನೋ ಉಂಟು. ಆದರೆ ಇಕ್ಕಟ್ಟಾದ ಬುಟ್ಟಿಯಲ್ಲಿ ತಾಯ ಕಾಲಡಿ ಮೊಟ್ಟೆ ಒಡೆಯುವುದೂ ಉಂಟು.

ಮೊಟ್ಟೆಗಳನ್ನು ಆರಿಸುವುದರಲ್ಲಿಯೇ ಅರ್ಧ ಫಲವಡಗಿದೆ. ಹುಂಜವಿರುವ ಹಿಂಡಿನ ಮೊಟ್ಟೆಯೇ ಆಗಬೇಕು. ಇಟ್ಟು 7 ದಿನ ಮೀರಿರಬಾರದು. ಬಿರುಕುಬಿಟ್ಟುದನ್ನೂ ವಿಕಾರವಾದುದನ್ನೂ ಬಿಡತಕ್ಕದ್ದು. ಕೊಳೆಯಾಗಿದೆಯೆಂದು ನೀರಿನಲ್ಲಿ ತೊಳೆಯಲಾಗದು. ಓಡಿನ ಮೇಲಿನ ತೆಳುಲೇಪ ಕಳೆದುಹೋದರೆ ಸೂಕ್ಷ್ಮರಂಧ್ರಗಳ ಮೂಲಕ ಕೊಳೆ ಒಳಸೇರುವುದು. ಕೂಡಿಡುವಾಗ ಚೂಪಾದ ತುದಿ ಕೆಳಗಿರುವಂತೆ ತಂಪಾದ ಸ್ಥಳದಲ್ಲಿಡಬೇಕು. ಬೇಸಗೆಯ ಸೆಕೆಯಲ್ಲಿ ಭ್ರೂಣವು ಅರೆಬರೆಯಾಗಿ ಬೆಳೆಯತೊಡಗಿ ಸಾಯುವುದುಂಟು. ನಾಟಿಕೋಳಿಯ ರೆಕ್ಕೆಯಡಿಗೆ 10 ಅಥವಾ 12 ಮೊಟ್ಟೆ ಸಾಕು. ಆಸೆಪಟ್ಟು ಹೆಚ್ಚಿಟ್ಟರೆ ಅಂಚಿನವು ತಣ್ಣಗಾಗಿ, ದಿನವೂ ಜಾಗ ಬದಲಾಗುವುದರಿಂದ ಎಲ್ಲವೂ ಕೆಡುವ ಸಂಭವವುಂಟು. ಎಲ್ಲವನ್ನೂ ಒಂದೇ ದಿನ, ಕತ್ತಲಾದ ಮೇಲೆ, ಸೀಸದಕಡ್ಡಿಯಿಂದ ಗುರುತುಹಾಕಿ ಇಡತಕ್ಕದ್ದು. ಬೇರೆ ಕೋಳಿ ಬಂದು ಹೊಸ ಮೊಟ್ಟೆಯಿಟ್ಟು ಹೋದರೆ ಆ ಗುರುತಿನಿಂದ ತಿಳಿದು ತೆಗೆಯಬಹುದು.

ಮುಂದಿನ 21 ದಿನಗಳ ಕೆಲಸ ಕೋಳಿಯದು. ಕೊಕ್ಕಿನಿಂದ ಮೊಟ್ಟೆಗಳನ್ನು ಅದು ಮತ್ತೆ ಮತ್ತೆ ಹೊರಳಿಸುವುದು. ಹೊರಳಿಸದಿದ್ದರೆ ಬೆಳೆಯುವ ಪಿಂಡವು ಓಡಿನ ಒಳಪೊರೆಗೆ ಅಂಟಿಕೊಳ್ಳುವುದು. ದಿನಕ್ಕೊಮ್ಮೆ ಕಾಲು ಗಂಟೆಯ ಮಟ್ಟಿಗೆ ಕೋಳಿ ಕೆಳಗಿಳಿಯುವಾಗ ಕಾಳೂ ನೀರೂ ಹತ್ತಿರದಲ್ಲಿಯೇ ಇರಬೇಕು. ತಾನಾಗಿ ಏಳದಷ್ಟು ಹಟದ ಕೋಳಿಯನ್ನು ಮೆಲ್ಲನೆತ್ತಿ ಮೇವಿನ ಬಳಿ ಬಿಡತಕ್ಕದ್ದು.

7ನೆಯ ದಿನ ರಾತ್ರಿ ಕೋಣೆಯನ್ನು ಕತ್ತಲೆಮಾಡಿ, ಮೊಟ್ಟೆಯ ಅಗಲವಾದ ತುದಿಗೆ ಟಾರ್ಚಿನ ಬೆಳಕು ಹಿಡಿದರೆ ಒಳಗಿನ ಸ್ಥಿತಿ ಗೋಚರಿಸುವುದು. ಜೇಡನ ಕಾಲುಗಳಂತೆ ಕೆಂಪು ನರಗಳು ಹರಡಿದ್ದರೆ ಜೀವವುಂಟು. ಬರಿದೇ ಬೆಳ್ಳಗೆ ಕಂಡರೆ ಗೊಡ್ಡುಮೊಟ್ಟೆ, ಅದನ್ನು ತೆಗೆದುಬಿಡಬಹುದು. ಸುಮಾರು 2,300 ವರ್ಷಗಳ ಹಿಂದೆಯೇ ಗ್ರೀಸ್ ದೇಶದ ಅರಿಸ್ಟಾಟಲನು ಕಾವಿನ ಮೊಟ್ಟೆಗಳೊಳಗಿನ ಬೆಳವಣಿಗೆಯನ್ನು ಪರೀಕ್ಷಿಸಿ, ಮೂರು ಹಗಲು ಮೂರು ರಾತ್ರಿ ಕಳೆದ ಮೇಲೆ ಹೃದಯವು ಮಿಡಿಯುವ ರಕ್ತದ ಚುಕ್ಕೆಯಾಗಿ ಕಾಣುವುದೆಂದು ಬರೆದಿಟ್ಟನು. ಅವನು ಓಡನ್ನೊಡೆದು ಕಂಡುದನ್ನು ನಾವಿಂದು ಒಡೆಯದೆಯೇ ಮಕ್ಕಳಿಗೆ ತೋರಿಸಬಹುದಾಗಿದೆ.

18ನೆಯ ದಿನದಿಂದ ಮೊಟ್ಟೆಗಳನ್ನು ಮುಟ್ಟಲೇಬಾರದು. ಈ ಮಾತನ್ನು ನಾವು ದಂಡತೆತ್ತು ಕಲಿತೆವು. ಮೊದಲ ಸಲ ಕೋಳಿ ಕೂರಿಸಿದಾಗ 11 ಮೊಟ್ಟೆಗಳಿದ್ದುವು. 21ನೆಯ ದಿನ 10 ಮರಿಗಳು ಹೊರಬಂದು ತಾಯ ಗರಿಗಳೊಳಗಿಂದ ಇಣುಕುತ್ತಿದ್ದುವು. ಉಳಿದೊಂದು ಮೊಟ್ಟೆಯಲ್ಲಿ ಬೆಳಗಿನಿಂದ ಅಕ್ಕಿಕಾಳಿನಷ್ಟು ತೂತು; ಒಳಗೆ ಕೀಚಲು ದನಿ. ಸಂಜೆಯಾದರೂ ತೂತು ಹಿಗ್ಗಲಿಲ್ಲ. ಮರಿ ಉಸಿರುಕಟ್ಟಿ ಸಾಯುವುದೆಂದು ಮರುಗಿ ನಾವು ಉಗುರಿನಿಂದ ಓಡನ್ನು ಸುಲಿದೆವು. ಪೊರೆಯಲ್ಲಿ ರಕ್ತ ಜಿನುಗಿತು. ಕೈಗೆ ಬಂದ ಮರಿಯ ಹೊಕ್ಕುಳಿನಲ್ಲಿ ಹಳದಿಯ ಚೀಲವು ಇನ್ನೂ ಹೊರಗೇ ಇತ್ತು. ದೀಪ ಹಚ್ಚುವ ಹೊತ್ತಿಗೆ ಅದು ನಮ್ಮ ಅಂಗೈಯಲ್ಲಿಯೇ ಸತ್ತಿತು. ಪಕ್ಕದ ಮನೆಯ ಅಜ್ಜಿ ಬಂದು ನೋಡಿ, “ಅಯ್ಯೋ ಮಗಾ, ಅದು ಬಾಗಿಲು ತಟ್ಟುತ್ತಿತ್ತು, ನೀನು ಗೋಡೆಯನ್ನೇ ಕೆಡವಿಬಿಟ್ಟೆಯಲ್ಲ” ಎಂದರು.

ಅಜ್ಜಿಯ ಮಾತು ಶಾಸ್ತ್ರಕ್ಕೂ ಸರಿಯಾದುದೇ. ಮರಿಯು ಮೊದಲು ಅಗಲವಾದ ತುದಿಯ ಗಾಳಿಯ ಕೋಣೆಗೆ ಕೊಕ್ಕು ತೂರಿ ಉಸಿರಾಡಲು ಕಲಿಯುವುದು. ಬಳಿಕ ಕೊಕ್ಕಿನ ಮೇಲಿನ ಚಿಕ್ಕ ಹಲ್ಲಿನಿಂದ ಓಡನ್ನು ತೂತುಮಾಡುವುದು. ಆಮೇಲೆ ಗಂಟೆಗಟ್ಟಲೆ ಸುಮ್ಮನಿರುವಂತೆ ತೋರುವುದಾದರೂ ಅದು ಸೋಮಾರಿತನವಲ್ಲ. ಪೊರೆಯಲ್ಲಿನ ರಕ್ತವು ಮೈಗೆ ಹಿಂದಿರುಗುವುದೂ, ಉಳಿದ ಹಳದಿಯು ಹೊಟ್ಟೆಯೊಳಗೆ ಸೇರುವುದೂ ಆಗಲೇ. ತೂತು ಬಿದ್ದ ಬಳಿಕ ಹೊರಬರಲು 12ರಿಂದ 24 ಗಂಟೆ ಹಿಡಿದರೆ ಆಶ್ಚರ್ಯವಿಲ್ಲ. ಅಷ್ಟು ಹೊತ್ತು ಕೈಕಟ್ಟಿ ಕೂರುವುದೇ ಮನೆಯವರ ಪಾಲಿನ ಕಠಿನ ಕರ್ತವ್ಯ.

ಒಳಸೇರಿದ ಆ ಹಳದಿಯೇ ಮರಿಗೆ ಬುತ್ತಿ. ಮೊದಲ ದಿನ ಮೇವಿಲ್ಲದಿದ್ದರೂ ಅದು ಕುಗ್ಗದು. ಎರಡನೆಯ ದಿನ ನುಣ್ಣಗಿನ ಅಕ್ಕಿನುಚ್ಚನ್ನೂ ರಾಗಿಯನ್ನೂ, ದೊರೆತರೆ ಮರಿಗಳ ಸಿದ್ಧ ಆಹಾರವನ್ನೂ ಕೊಡಬಹುದು. ಹಳ್ಳಿಗಳಲ್ಲಿ ಸಗಣಿ, ಹುಲ್ಲು ತುಂಬಿದ ಮಡಕೆಯನ್ನು ಹುತ್ತದ ಬಳಿ ಬೋರಲಿಟ್ಟು ಗೆದ್ದಲು ಹಿಡಿದು ತರುವ ಪದ್ಧತಿಯುಂಟು. ಮಿತವಾಗಿ ಕೊಟ್ಟರೆ ಅದು ಮೈಕಟ್ಟುವ ಆಹಾರ. ನೀರನ್ನು ಮಾತ್ರ ಆಳವಿಲ್ಲದ ತಟ್ಟೆಯಲ್ಲಿ, ಬೆಣಚುಕಲ್ಲುಗಳನ್ನು ಹಾಕಿ ಇಡತಕ್ಕದ್ದು. ಬಟ್ಟಲಿನಲ್ಲಿ ಮುಳುಗಿ ಸಾಯುವ ಮರಿಗಳೇನು ಕಡಮೆಯಲ್ಲ.

ಮೊದಲ ಎರಡು ವಾರ ತಾಯಿಮರಿಗಳನ್ನು ಮಂಕರಿಯಡಿ ಇಟ್ಟು, ಬಿಸಿಲೇರಿದ ಮೇಲೆ ಕಾವಲಿನಲ್ಲಿ ಸ್ವಲ್ಪ ಹೊತ್ತು ಬಿಡುವುದು ವಿಹಿತ. ಹದ್ದು, ಕಾಗೆ, ಮುಂಗುಸಿ, ಬೆಕ್ಕು ಇವುಗಳ ಕಣ್ಣು ಮರಿಗಳ ಮೇಲೆಯೇ ಇರುವುದು. ಮೈಗರಿ ಬರುವವರೆಗೆ ಮರಿಗೆ ತನ್ನ ಮೈಕಾವನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿಯಿಲ್ಲ. ಮಳೆಯಲ್ಲಿ ನೆನೆದರೆ ಬದುಕುವುದು ಕಷ್ಟ.

ಹದ್ದಿಗಿಂತಲೂ ಭಯಂಕರವಾದುದು ರಾಣಿಖೇತ ರೋಗ. 1927ರಲ್ಲಿ ಹಿಮಾಲಯದ ರಾಣಿಖೇತದಲ್ಲಿ ಕಾಣಿಸಿಕೊಂಡುದರಿಂದ ನಮ್ಮ ದೇಶದಲ್ಲಿ ಅದಕ್ಕೆ ಆ ಹೆಸರಾಯಿತು. ಬಂದ ಮೇಲೆ ಮದ್ದಿಲ್ಲ. ಊರಿನ ಕೋಳಿಗಳೆಲ್ಲ ಒಂದೇ ವಾರದಲ್ಲಿ ಬರಿದಾದರೂ ಆದೀತು. ಬಾರದಂತೆ ತಡೆಯುವ ಲಸಿಕೆಯನ್ನು ಮರಿಗೆ 5ರಿಂದ 7 ದಿನಗಳಾದಾಗ ಕಣ್ಣಿಗೋ ಮೂಗಿಗೋ ಒಂದು ಹನಿಯಾಗಿ ಹಾಕುವರು; ಮುಂದಿನ ಸರದಿಗಳನ್ನು ಪಶುವೈದ್ಯರಿಂದ ಕೇಳಿ ತಿಳಿಯತಕ್ಕದ್ದು. ಒಂದು ಸೀಸೆಯ ಮದ್ದು ಬಹು ಮರಿಗಳಿಗೆ ಆಗುವುದು, ಕಲಸಿದ ಮೇಲೆ ಹೆಚ್ಚು ಹೊತ್ತು ಉಳಿಯದು. ಆದುದರಿಂದ ಬೀದಿಯ ನಾಲ್ಕಾರು ಮನೆಗಳವರು ಒಂದೇ ಕಾಲಕ್ಕೆ ಕೋಳಿ ಕೂರಿಸಿ, ಒಂದೇ ದಿನ ಲಸಿಕೆ ಹಾಕಿಸಿದರೆ ಖರ್ಚೂ ಕಡಮೆ, ಊರಿಗೂ ಕ್ಷೇಮ.

ಸುಮಾರು ಎರಡು ತಿಂಗಳಾಗುವ ಹೊತ್ತಿಗೆ ತಾಯಿಯು ಮರಿಗಳನ್ನು ತಾನೇ ಕುಕ್ಕಿ ಅಗಲಿಸುವುದು. ಅದುವರೆಗೆ ಕಾಳು ಕಂಡಲ್ಲೆಲ್ಲ ಕರೆದು ಉಣಿಸಿದ ಕೋಳಿಗೆ ಅದೇನು ಕಲ್ಲುಮನಸ್ಸೆಂದು ಮಕ್ಕಳು ನೊಂದಾರು. ಆದರೆ ಕಾವಿನಲ್ಲಿ ಕಾದು ಕುಳಿತುದೂ, ಕಾಲ ಬಂದಾಗ ದೂರ ಸರಿಸಿದುದೂ ಒಂದೇ ವಾತ್ಸಲ್ಯವೆಂದು ಅವರಿಗೆ ತಿಳಿಯಹೇಳಬೇಕು. ಆ ಸಂಜೆಯ ಬಳಿಕ ನಮ್ಮ ಬುಟ್ಟಿಯಲ್ಲಿ ಎಷ್ಟೋ ಸಲ ಮರಿಗಳು ಎದ್ದಿವೆ. ಈಗಲೂ ತೂತುಬಿದ್ದ ಮೊಟ್ಟೆಯನ್ನು ಕಂಡಾಗ ನಮ್ಮ ಕೈ ತಾನಾಗಿ ಮುಂದಕ್ಕೆ ಹೋಗುವುದು; ಅಜ್ಜಿಯ ಮಾತನ್ನು ನೆನೆದು ಹಿಂದಕ್ಕೆ ಸೆಳೆದುಕೊಳ್ಳುವೆವು.