ಹಳೆಯ ಕಾರಿಗೆ ಹೊಸ ಹುರುಪು

ಕೊಲ್ಲಿ ನಾಡಿನ ನಮ್ಮವರ ಮನೆಗಳಲ್ಲಿ ಒಂದು ರೂಢಿಯಿದೆ. ಅಪ್ಪ ಹತ್ತು ಹದಿನೈದು ವರ್ಷ ಓಡಿಸಿದ ಕೊರೊಲ್ಲಾ, ಸನ್ನಿ ಅಥವಾ ಸಿವಿಕ್ ಕಾರು, ಮಗನೋ ಮಗಳೋ ಲೈಸೆನ್ಸ್ ಪಡೆದ ಕೂಡಲೇ ಅವರ ಪಾಲಿಗೆ ಬರುತ್ತದೆ. ಕೀಲಿ ಕೈಗೆ ಬಂದ ಮೇಲೆ ಹೆಚ್ಚು ದಿನ ಬೇಕಿಲ್ಲ, "ಅಪ್ಪಾ, ಈ ಗಾಡಿ ಎಳೆಯೋದೇ ಇಲ್ಲ, ಏನಾದ್ರೂ ಹಾಕಿಸೋಣ" ಎಂಬ ಮಾತು ಶುರುವಾಗುತ್ತದೆ. ಅಂಗಡಿಗಳಲ್ಲಿ ಗುಡುಗುವ ಸೈಲೆನ್ಸರ್, ಅಗಲವಾದ ರಿಮ್, ಹಿಂದೆ ಏರಿಸುವ ರೆಕ್ಕೆ ಎಲ್ಲವೂ ಸಿದ್ಧವಾಗಿವೆ. ಆದರೆ ಕೈಯಲ್ಲಿರುವ ಸ್ವಲ್ಪ ಹಣವನ್ನು ಯಾವುದಕ್ಕೆ ಖರ್ಚು ಮಾಡಿದರೆ ಕಾರು ನಿಜವಾಗಿ ಚೆನ್ನಾಗಿ ಓಡುತ್ತದೆ?

ಕಾರಿನ ಸಾಮರ್ಥ್ಯ ಎಂದರೆ ವೇಗ ಒಂದೇ ಅಲ್ಲ. ಓಡುವುದು, ತಿರುಗುವುದು, ನಿಲ್ಲುವುದು ಈ ಮೂರೂ ಸೇರಿದರೆ ಸಾಮರ್ಥ್ಯ. ಹಳೆಯ ಕಾರಿನಲ್ಲಿ ಸರಿಪಡಿಸುವ ಕ್ರಮ ಇದಕ್ಕೆ ತಿರುಗುಮುರುಗಾಗಿರಬೇಕು. ಮೊದಲು ನಿಲ್ಲುವುದು, ಆಮೇಲೆ ತಿರುಗುವುದು, ಕೊನೆಗೆ ಓಡುವುದು.

1. ಟೈರು

ಇಡೀ ಕಾರು ನೆಲವನ್ನು ಮುಟ್ಟುವುದು ನಾಲ್ಕು ಕಡೆ, ಒಂದೊಂದು ಕಡೆಯೂ ಹೆಚ್ಚುಕಡಿಮೆ ಅಂಗೈ ಅಗಲದಷ್ಟು ಮಾತ್ರ. ಎಂಜಿನ್ನಿನ ಶಕ್ತಿ, ಬ್ರೇಕಿನ ಹಿಡಿತ ಎರಡೂ ಈ ಅಂಗೈಗಳ ಮೂಲಕವೇ ರಸ್ತೆಗೆ ತಲುಪಬೇಕು. ಆದ್ದರಿಂದ ಒಳ್ಳೆಯ ಟೈರೇ ಹಳೆಯ ಕಾರಿಗೆ ಮಾಡಿಸಬಹುದಾದ ಅತ್ಯುತ್ತಮ ಸುಧಾರಣೆ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಗುರುತು ಇರುತ್ತದೆ. 2323 ಎಂದಿದ್ದರೆ ಅದು 2023ರ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ರಬ್ಬರು ಓಡದೆ ನಿಂತಿದ್ದರೂ ಬಿಸಿಲಿಗೆ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಅಗ್ಗವೆಂದು ಬಳಸಿದ ಟೈರು ಕೊಳ್ಳುವ ಮೊದಲು ಈ ಅಂಕಿಯನ್ನು ಓದಿ. ಯು.ಎ.ಇ.ಯಲ್ಲಿ ತಯಾರಾಗಿ 5 ವರ್ಷ ದಾಟಿದ ಟೈರನ್ನು ವಾಹನ ತಪಾಸಣೆಯಲ್ಲಿ ಒಪ್ಪುವುದಿಲ್ಲ. ಅನೇಕ ಟೈರುಗಳ ಮೇಲೆ ಶಾಖ ತಡೆಯುವ ಶಕ್ತಿಯನ್ನು ಎ, ಬಿ, ಸಿ ಎಂದು ಗುರುತಿಸಿರುತ್ತಾರೆ. ಇಲ್ಲಿನ ಬೇಸಿಗೆಗೆ ಎ ದರ್ಜೆಯೇ ಬೇಕು.

ಗಾಳಿ ಎಷ್ಟಿರಬೇಕೆಂಬುದನ್ನು ಸಾಮಾನ್ಯವಾಗಿ ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಬರೆದಿರುತ್ತಾರೆ. ಬೆಳಿಗ್ಗೆ, ಕಾರು ಓಡಿಸುವ ಮೊದಲು ನೋಡಿಸಬೇಕು. ಗಾಳಿ ಕಡಿಮೆಯಿದ್ದರೆ ಟೈರು ಹೆಚ್ಚು ಬಳುಕಿ ಬಿಸಿಯಾಗುತ್ತದೆ. ಹೆದ್ದಾರಿಯಲ್ಲಿ ಟೈರು ಸಿಡಿಯಲು ಇದೊಂದು ಮುಖ್ಯ ಕಾರಣ.

2. ಬ್ರೇಕು

ವಿಜ್ಞಾನದ ಪಾಠದಲ್ಲಿ ಚಲನಶಕ್ತಿಯ ಸೂತ್ರ ಓದಿದ್ದೀರಲ್ಲವೇ? ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ. 60 ಕಿ.ಮೀ. ವೇಗದ ಕಾರು ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಬೇಕಾದ ದೂರದ ನಾಲ್ಕು ಪಟ್ಟು ದೂರ 120 ಕಿ.ಮೀ. ವೇಗದ ಕಾರಿಗೆ ಬೇಕು. ಇದಲ್ಲದೆ 120ರ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 33 ಮೀಟರ್ ಸಾಗುತ್ತದೆ. ನೀವು ಅಪಾಯವನ್ನು ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಅಷ್ಟು ದೂರ ಕಳೆದುಹೋಗಿರುತ್ತದೆ.

ಒಳ್ಳೆಯ ಗುಣಮಟ್ಟದ ಬ್ರೇಕ್ ಪ್ಯಾಡ್ ಜೊತೆಗೆ ಬ್ರೇಕ್ ಆಯಿಲ್ ಕೂಡ ಬದಲಾಯಿಸಿ. ಈ ದ್ರವ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದೆ. ತೇವ ಸೇರಿದ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ದ್ರವ ಕುದಿದರೆ ಆವಿಯ ಗುಳ್ಳೆಗಳೇಳುತ್ತವೆ, ಪೆಡಲ್ ಮೆತ್ತಗೆ ಒಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಇದನ್ನು ಬದಲಾಯಿಸುವ ಖರ್ಚು ಬಹಳ ಕಡಿಮೆ.

3. ಶಾಕ್ ಅಬ್ಸಾರ್ಬರ್

ಉಬ್ಬು ದಾಟಿದ ಮೇಲೂ ಕಾರು ತೊಟ್ಟಿಲಿನಂತೆ ತೂಗುತ್ತಿದ್ದರೆ ಶಾಕ್ ಅಬ್ಸಾರ್ಬರ್ ಸವೆದಿದೆ ಎಂದು ತಿಳಿಯಬೇಕು. ಆಗ ಟೈರು ನೆಲವನ್ನು ಬಿಗಿಯಾಗಿ ಹಿಡಿಯಲಾರದು. ಹೊಸದನ್ನು ಹಾಕಿಸಿ, ಚಕ್ರಗಳ ಅಲೈನ್‌ಮೆಂಟ್ ಮಾಡಿಸಿದರೆ ತಿರುವಿನಲ್ಲಿ ಕಾರಿನ ನಡಿಗೆಯೇ ಬದಲಾಗುತ್ತದೆ.

4. ಎಂಜಿನ್

ಹಳೆಯ ಎಂಜಿನ್ನಿಗೆ ಹೊಸ ಶಕ್ತಿ ತುಂಬುವ ಮೊದಲು ಅದು ಕಳೆದುಕೊಂಡದ್ದನ್ನು ಮರಳಿ ಕೊಡಿ. ಮರಳುಗಾಳಿಯ ನಾಡಿನಲ್ಲಿ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಅದನ್ನು ಬದಲಿಸಿ, ಸ್ಪಾರ್ಕ್ ಪ್ಲಗ್ ಹೊಸದು ಹಾಕಿ, ಥ್ರಾಟಲ್‌ನಲ್ಲಿ ಕೂತ ಮಸಿಯನ್ನು ತೆಗೆಸಿದರೆ "ಎಳೆಯೋದೇ ಇಲ್ಲ" ಎಂಬ ದೂರು ಬಹಳಷ್ಟು ಕಡಿಮೆಯಾಗುತ್ತದೆ.

ರೇಡಿಯೇಟರ್ ಮುಚ್ಚಳವನ್ನೂ ಮರೆಯಬೇಡಿ. ಅದು ಮಾಡುವುದು ನಮ್ಮ ಅಡುಗೆಮನೆಯ ಕುಕ್ಕರಿನ ಕೆಲಸ. ಒತ್ತಡ ಹೆಚ್ಚಿಸಿ, ದ್ರವ 100 ಡಿಗ್ರಿಗೆ ಕುದಿಯದಂತೆ ತಡೆಯುತ್ತದೆ. ಮುಚ್ಚಳದ ರಬ್ಬರು ಸಡಿಲವಾದರೆ, ಅಥವಾ ಕೂಲಂಟ್ ಬದಲು ಬರೀ ನಲ್ಲಿನೀರು ಹಾಕಿದರೆ, ಬೇಸಿಗೆಯಲ್ಲಿ ಎಂಜಿನ್ ಮಿತಿಮೀರಿ ಬಿಸಿಯಾಗುವ ಅಪಾಯವಿದೆ. ಬಿಸಿಯಿರುವಾಗ ಮುಚ್ಚಳ ಎಂದೂ ತೆರೆಯಬಾರದು.

5. ಖರ್ಚೇ ಇಲ್ಲದ ಸುಧಾರಣೆ

ಡಿಕ್ಕಿ ತೆರೆದು ನೋಡಿ. ನೀರಿನ ಕ್ಯಾನುಗಳು, ಹಳೆಯ ಪುಸ್ತಕದ ಪೆಟ್ಟಿಗೆ, ಪಿಕ್ನಿಕ್ ಸಾಮಾನು ಎಲ್ಲ ಸೇರಿ 60 ಕಿಲೋ ಇದ್ದರೆ, 1,250 ಕಿಲೋ ಕಾರಿನ ತೂಕದ ಸುಮಾರು ಶೇಕಡಾ 5 ಆಯಿತು. ನ್ಯೂಟನ್ನನ ಎರಡನೇ ನಿಯಮದಂತೆ ತೂಕ ಇಳಿದಷ್ಟೂ ಅದೇ ಶಕ್ತಿಗೆ ಕಾರು ಚುರುಕಾಗುತ್ತದೆ. ದಾರಿಗೆ ಬೇಕಾದ ನೀರು, ಸ್ಟೆಪ್ನಿ ಟೈರು, ಜ್ಯಾಕ್ ಬಿಟ್ಟು ಉಳಿದದ್ದನ್ನು ಇಳಿಸಿ.

ಯಾವುದು ಬೇಡ?

"ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು" ಎಂಬ ಗಾದೆ ಇಲ್ಲಿ ಸರಿಯಾಗಿ ಹೊಂದುತ್ತದೆ. ಗುಡುಗುವ ಸೈಲೆನ್ಸರ್ ಸದ್ದು ಹೆಚ್ಚಿಸುತ್ತದೆಯೇ ಹೊರತು ಸಾಧಾರಣ ಕುಟುಂಬದ ಕಾರಿಗೆ ಹೇಳಿಕೊಳ್ಳುವಂಥ ಶಕ್ತಿ ಕೊಡುವುದಿಲ್ಲ. ಮೇಲಾಗಿ ದಂಡ ಬೀಳುತ್ತದೆ. ದೊಡ್ಡ ರಿಮ್ ಹೆಚ್ಚಾಗಿ ಭಾರವೂ ಆಗಿರುವುದರಿಂದ ಕಾರು ನಿಧಾನವಾಗುತ್ತದೆ. ಬಾನೆಟ್ಟಿನೊಳಗೆ ತೆರೆದಂತೆ ಕೂರಿಸುವ ಫಿಲ್ಟರ್ ಎಂಜಿನ್ನಿನ ಬಿಸಿಗಾಳಿಯನ್ನೇ ಹೀರುತ್ತದೆ. 20 ಡಿಗ್ರಿಯ ಗಾಳಿಗಿಂತ 50 ಡಿಗ್ರಿಯ ಗಾಳಿ ಸುಮಾರು ಶೇಕಡಾ 9ರಷ್ಟು ತೆಳು. ತೆಳುಗಾಳಿಯಲ್ಲಿ ಆಮ್ಲಜನಕ ಕಡಿಮೆ, ಶಕ್ತಿಯೂ ಕಡಿಮೆ. 91 ಆಕ್ಟೇನ್ ಸಾಕೆಂದು ಕೈಪಿಡಿಯಲ್ಲಿ ಬರೆದಿರುವ ಕಾರಿಗೆ 98 ಹಾಕುವುದರಿಂದಲೂ ಲಾಭವಿಲ್ಲ. ಆಕ್ಟೇನ್ ಎಂಬುದು ಪೆಟ್ರೋಲಿನ ಬಲವಲ್ಲ. ಒತ್ತಡದಲ್ಲಿ ಅಕಾಲಕ್ಕೆ ಹೊತ್ತಿಕೊಳ್ಳದಂತೆ ತಡೆಯುವ ಗುಣ.

ವಿದ್ಯಾರ್ಥಿಗಳೇ, ಮುಂದಿನ ಸಲ ಕಾರು ಸರ್ವಿಸಿಗೆ ಹೋಗುವಾಗ ಅಪ್ಪ ಅಮ್ಮನ ಜೊತೆ ನೀವೂ ಗ್ಯಾರೇಜಿಗೆ ಹೋಗಿ. ಟೈರಿನ ಅಂಕಿ ಓದಿ, ಬ್ರೇಕ್ ಆಯಿಲ್ ಯಾವಾಗ ಬದಲಾಯಿಸಿದ್ದೆಂದು ಕೇಳಿ. ಪೋಷಕರೇ, ಮಕ್ಕಳ ಕೈಗೆ ಕೀಲಿ ಕೊಡುವ ಮೊದಲು ಈ ಪಟ್ಟಿಯ ಮೊದಲ ಮೂರನ್ನಾದರೂ ಮುಗಿಸಿ. ಸಿಗ್ನಲ್ಲಿನಲ್ಲಿ ಎಲ್ಲರಿಗಿಂತ ಮುಂದೆ ಚಿಮ್ಮುವ ಕಾರು ನಮಗೆ ಬೇಕಿಲ್ಲ. ಅಡ್ಡ ಬಂದ ಮಗುವಿಗಿಂತ ಒಂದು ಮಾರು ಹಿಂದೆಯೇ ನಿಲ್ಲುವ ಕಾರು ಬೇಕು.